ಯಜಮಾನರು ಏನೂ ಇಲ್ಲವೆಂದರು

ಕಂಟ್ರೋಲ್ ರೂಮಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ತೋರಿಸುವ ಕಂಟ್ರೋಲ್ ರೂಮು ಬೇರೆ, ನೀವು ಕೂರುವುದು ಬೇರೆ. ಅಲ್ಲಿ ಗೋಡೆ ತುಂಬ ನೀಲಿ ಪರದೆಗಳು, ಇಲ್ಲಿ ಗೋಡೆ ತುಂಬ ಹಲ್ಲಿಗಳು. ಅಲ್ಲಿ ಗುಂಡಿ ಒತ್ತಿದರೆ ಹೆಲಿಕಾಪ್ಟರ್ ಏಳುತ್ತದೆ, ಇಲ್ಲಿ ಗುಂಡಿ ಒತ್ತಿದರೆ ಡ್ರೈವರು ಚಹಾ ಮುಗಿಸಿ ಏಳುತ್ತಾನೆ. ನಾನು ಕೂರುತ್ತಿದ್ದ ಕುರ್ಚಿಗೆ ಒಂದೇ ಕೈ ಇತ್ತು. ಸೇರಿದ ದಿನವೂ ಒಂದೇ, ನಿವೃತ್ತಳಾದ ದಿನವೂ ಒಂದೇ. ಬೀಳ್ಕೊಡುಗೆಯಲ್ಲಿ ನನಗೆ ಹಾಕಿದ ಹಾರವನ್ನು ಆ ಕುರ್ಚಿಯ ಕೊರಳಿಗೇ ಹಾಕಿ ಬಂದೆ.

ನನ್ನ ಹೆಸರು ಗಿರಿಜಾ. ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್ಐ ಆಗಿ ಮನೆಗೆ ಬಂದವಳು. ನಡುವೆ ಬಡ್ತಿಗಳು ಬಂದವು. ವಯಸ್ಸಾದರೆ ಕೂದಲು ಬೆಳ್ಳಗಾಗುವ ಹಾಗೆ ಅವೂ ಬರುತ್ತವೆ, ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ಇಲ್ಲಿ ಊರುಗಳ ಹೆಸರು ಹೇಳುತ್ತೇನೆ, ಠಾಣೆಗಳ ಹೆಸರು ಹೇಳುವುದಿಲ್ಲ. ಮನುಷ್ಯರ ಹೆಸರುಗಳನ್ನು ಬದಲಿಸಿದ್ದೇನೆ. ಪಿಂಚಣಿ ಇನ್ನೂ ಬಹಳ ವರ್ಷ ಬರಬೇಕಾಗಿದೆ.

ಮೊದಲೆಲ್ಲ ನೂರು ಒತ್ತಿದರೆ ಸೀದಾ ನಮ್ಮ ಕೋಣೆಯ ಫೋನು ಹೊಡೆದುಕೊಳ್ಳುತ್ತಿತ್ತು. ಕಳ್ಳತನ, ಹೊಡೆದಾಟ ಬರುವುದು ಕಡಿಮೆ. ತಿಳವಳ್ಳಿಯಿಂದ ಒಬ್ಬರು ವಾರಕ್ಕೊಮ್ಮೆಯಾದರೂ ಫೋನ್ ಮಾಡಿ, "ಹಾನಗಲ್ಲ ಬಸ್ ಹೋತೇನ್ರಿ?" ಎಂದು ಕೇಳುತ್ತಿದ್ದರು. ನನ್ನ ಗಂಡ ಬಸ್ ಕಂಡಕ್ಟರ್. ಅವರಿಂದ ವೇಳಾಪಟ್ಟಿ ತಂದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಕೊಂಡೆ. ಪೊಲೀಸರು ನಿಮ್ಮ ಸೇವೆಗೆ ಇದ್ದಾರೆ ಎಂದು ಊರೂರಿನ ಗೋಡೆಗೆ ಬರೆಸಿದವರು ನಾವೇ ಅಲ್ಲವೇ, ಯಾವ ಸೇವೆ ಎಂದು ಬರೆಸಿರಲಿಲ್ಲ.

ಹಿರೇಕೆರೂರಿನ ಒಬ್ಬ ಗೋವಿನಜೋಳದ ವ್ಯಾಪಾರಿ ಅರ್ಧ ರಸ್ತೆಗೆ ಜೋಳ ಒಣಹಾಕಿದ್ದ. ಅದರ ಮೇಲೆ ಬಸ್ಸು ಹಾಯಿತು ಎಂದು ನಮಗೆ ಕರೆ ಮಾಡಿದ. ಎರಡೇ ನಿಮಿಷಕ್ಕೆ ರಸ್ತೆಯ ತುಂಬ ಜೋಳ ಹಾಕಿದ್ದಾರೆ ಎಂದು ಬಸ್ಸಿನ ಡ್ರೈವರೂ ಕರೆ ಮಾಡಿದ. ನಾನು ಜೀಪು ಕಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ವ್ಯಾಪಾರಿಯ ಫೋನು. "ಅಕ್ಕಾರ, ಬಸ್ಸಿಂದು ಬಿಡ್ರಿ. ಈಗ ನಿಮ್ಮ ಜೀಪು ಹಾದು ಹೋತ್ರಿ. ಇದಕ್ಕ ಯಾರಿಗೆ ಫೋನ್ ಮಾಡ್ಲಿ?" ಅಂದ.

ಆಮೇಲೆ ನೂರಾ ಹನ್ನೆರಡು ಬಂತು. ಈಗ ಕರೆ ಬೆಂಗಳೂರಿನಲ್ಲಿ ಎತ್ತುತ್ತಾರೆ. ಅಲ್ಲಿ ಟೈಪಾಗಿ ನಮ್ಮ ಪರದೆಗೆ ಬೀಳುತ್ತದೆ. ನಾವು ಹತ್ತಿರದ ಗಾಡಿಗೆ ದಾಟಿಸಬೇಕು. ಕೇಳಲು ಚೆನ್ನಾಗಿದೆ. ಆದರೆ ಮಾಸೂರಿನ ಮನುಷ್ಯನಿಗೆ ಬೆಂಗಳೂರಿನ ಹುಡುಗಿ, "ಲ್ಯಾಂಡ್‌ಮಾರ್ಕ್ ಹೇಳಿ ಸರ್" ಅಂದರೆ ಅವನು, "ಮದಗದ ಕೆರಿ ದಂಡಿಯಿಂದ ಈಚಿಗೆ ಬರ್ರಿ, ನಮ್ಮ ಕಾಕಾನ ಮನಿ ಕಾಣ್ತೈತಿ" ಅನ್ನುತ್ತಾನೆ. ಯಾವ ಕಾಕಾ ಎಂದು ಕೇಳಿದರೆ ಅವನಿಗೆ ಸಿಟ್ಟು. "ನಮ್ಮ ಕಾಕಾನ ಗುರ್ತ ಇಲ್ಲದಾರು ಕಳ್ಳನ್ನ ಹೆಂಗ ಹಿಡಿತೀರಿ?" ಹಾಗಾಗಿ ಪರದೆಗೆ ಬಿದ್ದ ಮೇಲೂ ನಾವು ಆ ನಂಬರಿಗೆ ತಿರುಗಿ ಫೋನ್ ಮಾಡಿ ಜಾಗ ಕೇಳಿಕೊಳ್ಳುತ್ತಿದ್ದೆವು. ಈ ತಿರುಗಿ ಮಾಡುವ ಫೋನಿನಿಂದಲೇ ನನಗೆ ಮಾಬೂಬಿಯ ಪರಿಚಯವಾಯಿತು. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಬಣ್ಣದ ವಿಷಯ ಹೇಳಬೇಕು.

ಹೊಸ ಪರದೆಯಲ್ಲಿ ಬಂದ ಕರೆ ಕೆಂಪಗಿರುತ್ತದೆ. ಗಾಡಿಯವರು ಹೋಗಿ ನೋಡಿ ಷರಾ ಬರೆದು ಮುಗಿಸಿದ ಮೇಲೆ ಹಸಿರಾಗುತ್ತದೆ. ನಮ್ಮ ಮೇಲಧಿಕಾರಿಗೆ ಹಸಿರು ಅಂದರೆ ಪ್ರಾಣ. ಅವರನ್ನು ನಾವು ಹಿಂದಿನಿಂದ ಇಸ್ತ್ರಿ ಸಾಹೇಬರು ಅನ್ನುತ್ತಿದ್ದೆವು. ಪ್ಯಾಂಟಿನ ಗೆರೆ ಮುರಿಯುತ್ತದೆ ಎಂದು ಮೀಟಿಂಗಿನಲ್ಲೂ ಕೂರದೆ ನಿಂತೇ ಇರುತ್ತಿದ್ದರು. ಬೆಳಿಗ್ಗೆ ಬಂದು ಪರದೆ ನೋಡಿ, "ಗಿರಿಜವ್ವಾ, ಮತ್ತ ಕೆಂಪ ಐತಲ್ಲವಾ. ಕೆಂಪ ಕಂಡ್ರ ನನಗ ಊಟ ಸೇರಂಗಿಲ್ಲ" ಅನ್ನುತ್ತಿದ್ದರು. ಅವರು ಊಟ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ, ಆದರೂ ಆ ಮಾತಿಗೆ ಎಲ್ಲ ಗಾಡಿಗಳೂ ಹೆದರುತ್ತಿದ್ದವು.

ಕೆಂಪನ್ನು ಹಸಿರು ಮಾಡುವ ಸುಲಭದ ದಾರಿ 'ಫಾಲ್ಸ್ ಕಾಲ್', ಅಂದರೆ ಸುಳ್ಳು ಕರೆ. ಕೇಸು ಇಲ್ಲ, ಕಾಗದ ಇಲ್ಲ, ತಲೆನೋವಿಲ್ಲ. ಒಂದು ಗಾಡಿಯ ಹವಾಲ್ದಾರ ಫಕೀರಪ್ಪ ಇದಕ್ಕೆ ಒಂದು ವಾಕ್ಯವನ್ನೇ ಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ. 'ಸ್ಥಳಕ್ಕೆ ಭೇಟಿ ನೀಡಲಾಯಿತು. ಯಜಮಾನರು ಏನೂ ಇಲ್ಲವೆಂದರು. ಫಾಲ್ಸ್ ಕಾಲ್.' ಹೋದಲ್ಲೆಲ್ಲ ಅದನ್ನೇ ಅಂಟಿಸುವುದು. ಅವನಿಂದ ಉಳಿದ ಗಾಡಿಯವರೂ ಇಸಿದುಕೊಂಡರು. ಒಮ್ಮೆ ಶಿಗ್ಗಾಂವಿ ಕಡೆ ಒಬ್ಬ ರೈತ ತನ್ನ ಎಮ್ಮೆ ಬಾವಿಗೆ ಬಿದ್ದಿದೆ ಎಂದು ಕರೆ ಮಾಡಿದ. ಫಕೀರಪ್ಪ ಅಲ್ಲಿ ಹಗ್ಗ ಹಿಡಿದು, ಊರವರ ಜೊತೆ ಎಳೆದು, ಮೈ ಕೈ ಕೆಸರು ಮಾಡಿಕೊಂಡು ಎಮ್ಮೆಯನ್ನು ಮೇಲೆ ತಂದ. ಆಮೇಲೆ ಅಭ್ಯಾಸಬಲದಿಂದ ಅದೇ ವಾಕ್ಯ ಅಂಟಿಸಿದ. ಇಡೀ ಊರು ಕೈ ಮುಗಿದ ಕೆಲಸ ನಮ್ಮ ಕಂಪ್ಯೂಟರಿನಲ್ಲಿ ಸುಳ್ಳು ಕರೆಯಾಗಿ ಕೂತಿತು. ಏನಪ್ಪಾ ಇದು ಅಂದರೆ, "ಹಸಿರಾತಿಲ್ಲೋ ಅಕ್ಕಾ?" ಅಂದ.

ನಾವು ನಗುತ್ತಿದ್ದೆವು. ಆ ವಾಕ್ಯ ಎಮ್ಮೆಯ ಮೇಲೆ ಬಿದ್ದಾಗ ನಗುವುದು ಸುಲಭ.

ಆ ದಿನಗಳಲ್ಲೇ ಒಂದು ನಂಬರು ಮತ್ತೆ ಮತ್ತೆ ಪರದೆಗೆ ಬೀಳುವುದು ನನ್ನ ಕಣ್ಣಿಗೆ ಬಿತ್ತು. ಒಂದು ದಿನ ಹಾನಗಲ್ಲ ಕಡೆಯ ಹಳ್ಳಿ, ಇನ್ನೊಂದು ದಿನ ಶಿಗ್ಗಾಂವಿ ಕಡೆ, ಮತ್ತೊಂದು ದಿನ ಬಂಕಾಪುರದ ಹತ್ತಿರ. ನಂಬರು ಅದೇ, ಜಾಗ ಕೇಳಲು ತಿರುಗಿ ಮಾಡಿದರೆ ದನಿ ಬೇರೆ ಬೇರೆ. ಎಲ್ಲವೂ ಹೆಂಗಸರ ದನಿ. ಎಲ್ಲದರ ಹಿಂದೆಯೂ ಬಳೆಗಳ ಸದ್ದು. ಕೊನೆಗೆ ಎಲ್ಲದಕ್ಕೂ ಒಂದೇ ಷರಾ, ಯಜಮಾನರು ಏನೂ ಇಲ್ಲವೆಂದರು. ಕುತೂಹಲ ತಡೆಯಲಾರದೆ ಒಂದು ಮಧ್ಯಾಹ್ನ ಆ ನಂಬರಿಗೆ ಫೋನ್ ಮಾಡಿದೆ.

"ಯಾರವಾ ನೀನು? ಒಬ್ಬಾಕಿ ಎಷ್ಟ ಮನಿಯಾಗ ಇರ್ತಿ?" ಅಂದೆ.

ಆ ಕಡೆಯಿಂದ ನಗು ಕೇಳಿತು. "ನಾ ಮಾಬೂಬಿರಿ, ಸವಣೂರಾಕಿ. ಬಳಿ ಮಾರತೇನಿ. ಫೋನ್ ನಂದು, ಕಷ್ಟ ಅವರ್ದು."

ಮಾಬೂಬಿ ಬಳೆಯ ಗಂಟು ಹೊತ್ತು ಊರೂರು ತಿರುಗುವವಳು. ಬಳೆ ಇಡಬೇಕಾದರೆ ಹೆಂಗಸಿನ ಕೈ ಹಿಡಿಯಬೇಕು, ಹಿಚುಕಿ ಹದ ಮಾಡಬೇಕು. ಕೈ ಹಿಡಿದರೆ ಎಲ್ಲ ಕಾಣುತ್ತದೆ. ಹೋದ ತಿಂಗಳು ಇಟ್ಟ ಡಜನ್ ಬಳೆಗಳಲ್ಲಿ ಎರಡು ಮಾತ್ರ ಉಳಿದಿದ್ದರೆ ಅದು ಭಾಂಡೆ ತಿಕ್ಕುವಾಗ ಒಡೆದದ್ದಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಮಣಿಕಟ್ಟಿನ ಒಳಗಡೆಯ ಕಲೆ ಸೆರಗಿನಲ್ಲಿ ಮುಚ್ಚುತ್ತದೆ, ಬಳೆಗಾರ್ತಿಯ ಎದುರು ಮುಚ್ಚುವುದಿಲ್ಲ. ಅವಳು ಏನೂ ಕೇಳುತ್ತಿರಲಿಲ್ಲ. ಫೋನನ್ನು ಗಂಟಿನ ಮೇಲೆ ಇಟ್ಟು, ನೀರು ಕುಡಿಯಲು ಎದ್ದು ಹೋಗುತ್ತಿದ್ದಳು.

"ಅವರ ಫೋನಿನಿಂದ ಮಾಡಬಾರದಾ?" ಅಂದೆ.

"ಅವರ ಫೋನ್ ಅವರ ಗಂಡಂದ್ರು ನೋಡತಾರ್ರಿ ಅಕ್ಕಾರ. ನನ್ನ ಫೋನ್ ಯಾರ ನೋಡತಾರ? ನಮ್ಮ ಮನ್ಯಾವರಿಗೆ ಫೋನ್ ಅಂದ್ರ ಅಂಜಿಕಿ, ಮುಟ್ಟಿದ್ರ ಕರೆಂಟ್ ಹೊಡಿತೈತಿ ಅಂತಾರ."

"ಗಾಡಿ ಬಂದ ಮ್ಯಾಲ ಆ ಹೆಣ್ಣಮಗಳು ಹೊರಗ ಬಂದು ಹೇಳಬೇಕಲ್ಲವಾ. ಇಲ್ಲಂದ್ರ ನಾವೇನ್ ಮಾಡೂದು?"

"ಬಾಗಲಾಗ ಗಂಡ ನಿಂತಿರ್ತಾನ, ಅಕಿ ಹೆಂಗ ಬರ್ತಾಳ? ನಿಮ್ಮ ಮಂದಿ ಅವನ್ನ ಕೇಳಿ, ಚಾ ಕುಡದು ಹೋಗತಾರ. ಹೋಗಲಿ ಬಿಡ್ರಿ. ಗಾಡಿ ಬಂದು ಬಾಗಲಾಗ ನಿಂತ್ರ ಒಂದ ಎಂಟ ದಿನ ಅವ ತಣ್ಣಗಿರ್ತಾನ. ಅಷ್ಟರಾಗ ಅಕಿ ತವರಮನಿಗರ ಹೋಗತಾಳ, ಹಿರಿಯಾರನ್ನರ ಕರಸತಾಳ. ಗಾಡಿ ಕಳಸೂದು ಬಿಡಬ್ಯಾಡ್ರಿ ಅಷ್ಟ."

ಅಂದಿನಿಂದ ಆ ನಂಬರು ಬಿದ್ದರೆ ನಾನು ಗಾಡಿಯನ್ನು ಬೇಗ ಓಡಿಸುತ್ತಿದ್ದೆ. ಒಳಗೆ ಹೋಗಿ ಆ ಹೆಣ್ಣುಮಗಳನ್ನೇ ಮಾತಾಡಿಸಿ ಎಂದು ವೈರ್‌ಲೆಸ್‌ನಲ್ಲಿ ಬಾಯಿ ಮಾಡಿಕೊಳ್ಳುತ್ತಿದ್ದೆ. ಫಕೀರಪ್ಪ, "ಮಂದಿ ಮನಿ ಪಡಸಾಲಿಗೆ ಹೋಗಿ ಹೆಂಗಸರನ್ನ ಕರೀರಿ ಅಂದ್ರ ಬಡಿಗಿ ತಗೋತಾರ ಅಕ್ಕಾ" ಅನ್ನುತ್ತಿದ್ದ. ಅವನ ಮಾತೂ ಪೂರ್ತಿ ಸುಳ್ಳಲ್ಲ. ಗಾಡಿಯಲ್ಲಿ ಮಹಿಳಾ ಸಿಬ್ಬಂದಿ ಇರುತ್ತಿರಲಿಲ್ಲ. ಅವನು ತನಗೆ ಗೊತ್ತಿದ್ದ ವಾಕ್ಯ ಅಂಟಿಸುತ್ತಿದ್ದ.

ಈಗ ಗುರುಸಿದ್ದಪ್ಪ ಮಾಸ್ತರರು ಬರುತ್ತಾರೆ. ಹಿರೇಕೆರೂರಿನ ನಿವೃತ್ತ ಡ್ರಾಯಿಂಗ್ ಮಾಸ್ತರರು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದರಲ್ಲಿ ಎತ್ತಿದ ಕೈ. ನಮ್ಮ ಕೋಣೆಯ ಗೋಡೆ ಗಡಿಯಾರ ಎಷ್ಟು ನಿಮಿಷ ಹಿಂದಿದೆ ಎಂದು ಒಮ್ಮೆ ಅರ್ಜಿ ಹಾಕಿದ್ದರು. ಅದು ನಿಜವಾಗಿಯೂ ಹಿಂದಿತ್ತು. ಹೊಸ ಸೆಲ್ ಹಾಕಿಸಿ, 'ಗಡಿಯಾರವು ಸರಿಯಾದ ಸಮಯ ತೋರಿಸುತ್ತಿದೆ' ಎಂದು ಉತ್ತರ ಕೊಟ್ಟೆವು. ಸೆಲ್ ಹಾಕಿಸಿದ್ದು ಯಾವತ್ತು ಎಂದು ಇನ್ನೊಂದು ಅರ್ಜಿ ಬಂತು. ಅವರ ಲಕೋಟೆಯನ್ನು ನಮ್ಮ ಗುಮಾಸ್ತ ಎಲ್ಲಕ್ಕಿಂತ ಕೊನೆಗೆ ಒಡೆಯುತ್ತಿದ್ದ.

ಒಂದು ದಿನ ಮಾಸ್ತರರ ಮನೆಯ ಎದುರು ಎರಡು ಗುಂಪು ಹೊಡೆದಾಡಿಕೊಂಡವು. ಇವರು ಕರೆ ಮಾಡಿದರು. ಗಾಡಿ ಹೋಗುವಷ್ಟರಲ್ಲಿ ಹೊಡೆದಾಡಿದವರು ರಾಜಿಯಾಗಿ ಒಟ್ಟಿಗೆ ಚಹಾ ಕುಡಿದು ಮನೆಗೆ ಹೋಗಿದ್ದರು. ಯಾಕ್ರಿ ತಡ ಎಂದು ಕೇಳಿದರೆ ಗಾಡಿಯವನು, "ಸುಳ್ಳ ಕರೆ ಮಾಡಿ ಓಡ್ಯಾಡಿಸ್ತಾರ್ರಿ ಮಾಸ್ತರ" ಅಂದುಬಿಟ್ಟ. ಅಷ್ಟು ಸಾಕಾಯಿತು. ಅರ್ಜಿ ಬಂತು. ಸುಳ್ಳು ಕರೆ ಮಾಡಿ ಪೊಲೀಸರ ಸಮಯ ಹಾಳು ಮಾಡುವವರು ಯಾರು, ಅವರ ಮೊಬೈಲ್ ನಂಬರು, ದಿನಾಂಕ, ಊರು, ಗಾಡಿಯವರ ಷರಾ ಸಮೇತ ಪೂರ್ಣ ವಿವರ ಒದಗಿಸಬೇಕು. ಸಾರ್ವಜನಿಕರು ಇಂಥವರನ್ನು ತಿಳಿಯುವುದು ಅಗತ್ಯ.

ನಾವೆಲ್ಲ ಅರ್ಜಿಯನ್ನು ಬಯ್ಯುತ್ತಿದ್ದರೆ ಇಸ್ತ್ರಿ ಸಾಹೇಬರು ಮಾತ್ರ ಹಿಗ್ಗಿದರು. "ಜೀವನದಾಗ ಮೊದಲ ಸಲ ಈ ಮಾಸ್ತರ ಚಲೋ ಕೆಲಸ ಮಾಡ್ಯಾನ. ಕೊಟ್ಟಬಿಡೂಣು. ನೋಟಿಸ್ ಬೋರ್ಡಿಗೂ ಹಚ್ಚೂಣು, ಪೇಪರಿಗೂ ಕೊಡೂಣು. ಸುಳ್ಳ ಕರೆ ಮಾಡೋ ಮಂದಿ ಮಾನ ಹೋಗಲಿ" ಅಂದರು. ಪಟ್ಟಿ ತೆಗೆಯಲು ನನಗೇ ಹೇಳಿದರು. ತೆಗೆದೆ. ಎಲ್ಲಕ್ಕಿಂತ ಮೇಲೆ ಕೂತದ್ದು ಮಾಬೂಬಿಯ ನಂಬರು.

ನೀವೇ ಯೋಚಿಸಿ. ನಾಲ್ಕು ತಾಲ್ಲೂಕಿನ ಹೆಂಗಸರ ಫೋನಿನಲ್ಲಿ ಆ ನಂಬರು 'ಬಳಿ ಮಾಬೂಬಿ' ಎಂದು ಇದೆ. ಪೇಪರಿನಲ್ಲಿ ನಂಬರು, ಪಕ್ಕದಲ್ಲಿ ಊರು, ದಿನಾಂಕ. ಓದಿದ ಗಂಡ, ಅವತ್ತು ನಮ್ಮ ಬಾಗಿಲಿಗೆ ಗಾಡಿ ಬಂದಿತ್ತಲ್ಲ, ಇದು ಬಳೆಯವಳ ನಂಬರಲ್ಲವೇ, ಹಾಗಾದರೆ ಫೋನ್ ಮಾಡಿದ್ದು ಇವಳೇ, ಎಂದು ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ಅಲ್ಲಿಯವರೆಗೆ ಆ ಗಂಡಂದಿರೆಲ್ಲ ಪಕ್ಕದ ಮನೆಯವರನ್ನು ಅನುಮಾನಿಸಿ ಸುಮ್ಮನಿದ್ದವರು. ಮಾಬೂಬಿ ಮತ್ತೆ ಒಂದು ಊರಿಗೂ ಕಾಲಿಡುವಂತಿಲ್ಲ. ಆ ಹೆಂಗಸರ ಗತಿಯನ್ನು ನೆನೆಯಲೂ ನನಗೆ ಹೆದರಿಕೆಯಾಯಿತು.

ಸಾಹೇಬರಿಗೆ ಹೇಳಿದೆ. ಪೊಲೀಸರಿಗೆ ಮಾಹಿತಿ ಕೊಟ್ಟವರ ಜೀವಕ್ಕೆ ಅಪಾಯವಿದ್ದರೆ ಅವರ ಗುರುತು ಕೊಡಬೇಕಿಲ್ಲ ಎಂದು ಆ ಕಾಯ್ದೆಯಲ್ಲೇ ಇದೆ ಅಂದೆ. ಅವರು ಕಾಲರ್ ಸರಿಮಾಡಿಕೊಂಡು, "ಅದು ಖರೇ ಮಾಹಿತಿ ಕೊಟ್ಟಾರಿಗೆವಾ. ಇಕಿದು ಎಲ್ಲಾ ಸುಳ್ಳ ಕರೆ ಅಂತ ಕಂಪ್ಯೂಟರ್ ಹೇಳ್ತೈತಿ" ಅಂದರು.

"ಕಂಪ್ಯೂಟರಿಗೆ ಹೇಳಿದಾಂವ ಫಕೀರಪ್ಪ ಸರ್."

"ಹಂಗಾರ ಖರೇ ಅಂತ ತೋರಿಸು. ಯಾವ ಹೆಣ್ಣಮಗಳು, ಯಾವ ಮನಿ, ಬರದು ಕೊಡು. ನಂಬರ್ ತಗದ್ ಹಾಕತೇನಿ."

ಸಿಕ್ಕಿಕೊಂಡದ್ದು ಅಲ್ಲೇ. ಕರೆಗಳು ನಿಜ ಎಂದು ತೋರಿಸಲು ಆ ಹೆಂಗಸರ ಹೆಸರು ಕಡತಕ್ಕೆ ಹೋಗಬೇಕು. ಹೆಸರು ಕಡತಕ್ಕೆ ಹೋದರೆ ನಾಳೆ ಅದಕ್ಕೂ ಒಂದು ಅರ್ಜಿ ಬರುತ್ತದೆ. ಹೆಸರು ಕೊಡದಿದ್ದರೆ ಮಾಬೂಬಿ ಸುಳ್ಳುಗಾರ್ತಿ. ಒಂದು ದಾರಿ ಮಾತ್ರ ಉಳಿದಿತ್ತು. ಇನ್ನೊಬ್ಬರ ಖಾಸಗಿ ವಿವರ ಕೊಡುವ ಮೊದಲು ಅವರಿಗೆ ನೋಟಿಸು ಕೊಟ್ಟು ಕೇಳಬೇಕೆಂಬ ನಿಯಮವಿದೆ. ಅದನ್ನು ಎತ್ತಿ ತೋರಿಸಿದೆ. ಸಾಹೇಬರಿಗೆ ನಿಯಮ ಮುರಿಯುವುದೆಂದರೆ ಪ್ಯಾಂಟಿನ ಗೆರೆ ಮುರಿದ ಹಾಗೆ. ಒಪ್ಪಿದರು.

ನೋಟಿಸು ಸವಣೂರಿಗೆ ಹೋಯಿತು. ಮಾಬೂಬಿ ಬಳೆಯ ಗಂಟನ್ನು ಹೊತ್ತುಕೊಂಡೇ ಕಚೇರಿಗೆ ಬಂದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಗಿಡ್ಡ ಹೆಂಗಸು, ಬಾಯಲ್ಲಿ ಸವಣೂರಿನ ವೀಳ್ಯದೆಲೆ. ಬಾಗಿಲಲ್ಲಿದ್ದ ಸೆಂಟ್ರಿ ಗಂಟು ಬಿಚ್ಚಿಸಿ ನೋಡಿ, ತನ್ನ ಹೆಂಡತಿಗೆ ಹಸಿರು ಬಳೆ ತೆಗೆದಿಡಲು ಹೇಳಿ ಒಳಗೆ ಬಿಟ್ಟಿದ್ದ. ನೋಟಿಸನ್ನು ನನ್ನ ಮುಂದೆ ಹಿಡಿದಳು. "'ಮೂರನೇ ವ್ಯಕ್ತಿಯಾದ ತಾವು' ಅಂತ ಬರದಾರಂತರಿ. ನಾ ಮೂರನೇಯಾಕಿ ಅಂದ್ರ ಮೊದಲನೇಯಾಕಿ ಎರಡನೇಯಾಕಿ ಯಾರ್ರಿ?" ಅಂದಳು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳ ಮುಖದ ನಗು ಹೋಯಿತು.

"ನನಗ ಸುಳ್ಳಾಕಿ ಅಂದ್ರ ಅನ್ನಲಿ ಅಕ್ಕಾರ. ನಂಬರ್ ಮಾತ್ರ ಹೊರಗ ಬೀಳಬಾರ್ದು. ಒಬ್ಬಾಕಿ ಕೂಸು ಕಟಗೊಂಡು ಈಗರ ತವರಿಗೆ ಹೋಗ್ಯಾಳ. ಕೊಡೂದ ಬ್ಯಾಡ ಅಂತ ಬರೀರಿ."

"ಬರೀತೇನಿ. ಕಾರಣ ಏನಂತ ಬರೀಲಿ?"

"ಕಾರಣ ಬರೀಬ್ಯಾಡ್ರಿ. ಬರದ್ರ ಅದನ್ನೂ ಯಾರರ ಅರ್ಜಿ ಹಾಕಿ ಕೇಳತಾರ."

ಕಾಯ್ದೆ ಓದಿದ ನಮ್ಮ ಸಾಹೇಬರಿಗಿಂತ ಅವಳಿಗೆ ಕಾಗದದ ಗುಣ ಚೆನ್ನಾಗಿ ಗೊತ್ತಿತ್ತು. ಆಕ್ಷೇಪಣೆ ಇದೆ ಎಂದು ಒಂದೇ ಸಾಲು ಬರೆದು ಹೆಬ್ಬೆಟ್ಟು ಹಾಕಿಸಿದೆ. ಸಾಹೇಬರು ಅದನ್ನು ನೋಡಿ, "ಕಾರಣ ಇಲ್ಲದ್ದು ಆಕ್ಷೇಪಣೆನ ಅಲ್ಲ" ಅಂದರು.

ನಾನು ಕೊನೆಯ ಪಟ್ಟು ಹಾಕಿದೆ. ಅರ್ಜಿಯಲ್ಲಿ ಷರಾ ಸಮೇತ ಅಂತ ಇದೆ ಸರ್, ಮೊದಲು ಅದನ್ನು ಕೊಟ್ಟುಬಿಡೋಣ, ನಂಬರು ಮತ್ತು ಊರು ಮಸಿ ಬಳಿದು ಕೊಡೋಣ, ಬೇಕಾದರೆ ಮಾಸ್ತರರು ಮೇಲ್ಮನವಿ ಹಾಕಿಕೊಳ್ಳಲಿ, ಜವಾಬ್ದಾರಿ ಮೇಲಿನವರದಾಗುತ್ತದೆ, ಅಂದೆ. ಕೊನೆಯ ಮಾತು ಸಾಹೇಬರಿಗೆ ಬಹಳ ಹಿಡಿಸಿತು. ಕಪ್ಪು ಸ್ಕೆಚ್ ಪೆನ್ನು ತಂದು ಕೂತೆ. ತಾಲ್ಲೂಕು, ಕರೆ ಯಾವುದರ ಬಗ್ಗೆ, ಮಾಡಿದವರು ಗಂಡೋ ಹೆಣ್ಣೋ, ಗಾಡಿಯವರ ಷರಾ, ಇಷ್ಟು ಮಾತ್ರ ಉಳಿಸಿ ಬಾಕಿಯದಕ್ಕೆ ಮಸಿ ಬಳಿದೆ. ಬೆರಳೆಲ್ಲ ಕಪ್ಪಾಯಿತು.

ಅಂದುಕೊಂಡಂತೆ ಮಾಸ್ತರರು ಮೇಲ್ಮನವಿ ಹಾಕಿದರು. ವಿಚಾರಣೆಯ ದಿನ ಮೇಲಿನ ಅಧಿಕಾರಿಯ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ಇಸ್ತ್ರಿ ಸಾಹೇಬರ ಕೈಯಲ್ಲಿ ಅಂಟಿಸಿದ ಒಂದು ಕವರು. ಅದರಲ್ಲಿ ಮಸಿ ಇಲ್ಲದ ಪೂರ್ತಿ ಪಟ್ಟಿ. ಮೇಲಿನವರು ಹೂಂ ಅಂದರೆ ಅಲ್ಲೇ ಮಾಸ್ತರರ ಕೈಗೆ ಕೊಡುವುದು. ನನ್ನ ಕಣ್ಣು ಆ ಕವರಿನ ಮೇಲೇ ಇತ್ತು. ಕಸಿದುಕೊಂಡು ಓಡಿದರೆ ಪಿಂಚಣಿ ಹೋಗುತ್ತದೆಯೇ ಎಂದು ಒಂದು ಗಳಿಗೆ ಯೋಚನೆ ಬಂದದ್ದೂ ನಿಜ.

"ಏನ್ರಿ ಮಾಸ್ತರ, ನಂಬರ್ ಬೇಕಂತಲ್ಲ?" ಅಂದರು ಮೇಲಿನ ಅಧಿಕಾರಿ, ಬಿಸ್ಕತ್ತಿನ ತಟ್ಟೆ ಅವರ ಕಡೆ ಸರಿಸುತ್ತ.

ಮಾಸ್ತರರು ಬಿಸ್ಕತ್ತು ಮುಟ್ಟಲಿಲ್ಲ. ಜೋಳಿಗೆಯಿಂದ ನಾವು ಕೊಟ್ಟ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಡ್ರಾಯಿಂಗ್ ಮಾಸ್ತರರಲ್ಲವೇ, ಪ್ರತಿ ಸಾಲಿಗೂ ಬಣ್ಣದ ಪೆನ್ಸಿಲ್ ಬಳಿದಿದ್ದರು. ಹಾಳೆಗೆ ಹಾಳೆಯೇ ಕೆಂಪು. ನಮ್ಮ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು.

"ನಂಬರ್ ಬೇಕಂತ ಬಂದಿದ್ದೆ ಸಾಹೇಬ್ರ. ಓದಿದ ಮ್ಯಾಲ ಬ್ಯಾಡ ಅನಿಸ್ತು" ಅಂದರು ಮಾಸ್ತರರು. "ಕೆಂಪ ಬಳದದ್ದೆಲ್ಲಾ ಒಂದ ಷರಾ. ಯಜಮಾನರು ಏನೂ ಇಲ್ಲವೆಂದರು. ಈಗ ಪಕ್ಕದ ಕಾಲಮ್ ನೋಡ್ರಿ. ಕರೆ ಮಾಡಿದ್ದು ಹೆಣ್ಣು, ಹೆಣ್ಣು, ಹೆಣ್ಣು. ಕೂಗಿದಾಕಿ ಹೆಣ್ಣಮಗಳು, ನೀವು ಹೋಗಿ ಕೇಳಿದ್ದು ಗಂಡಸನ್ನ. ಹೊಡದಾವನ್ನ ಹೊಡದಿ ಏನಪಾ ಅಂದ್ರ ಹೌದ್ರಿ ಅಂತಾನ? ಮೂವತ್ತ ವರ್ಷ ಸಾಲಿ ಕಲಿಸೇನಿ. ಕಿಟಕಿ ಒಡದಾವನ್ನ ಕೇಳಿದ್ರ ಅವನೂ ಏನಿಲ್ಲ ಸರ್ ಅಂತಿದ್ದ. ಸುಳ್ಳ ಕರೆ ಯಾವದು ಅಂತ ನಾ ಕೇಳಿದ್ದೆ. ಕರೆ ಸುಳ್ಳಲ್ಲ, ನಿಮ್ಮ ಷರಾ ಸುಳ್ಳ."

ಮೇಲಿನ ಅಧಿಕಾರಿ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಒಂದು ಕಡೆ ನಿಂತು, "ಇದೇನ್ರಿ, ಎಮ್ಮೆ ಬಾವಿಗೆ ಬಿದ್ದದ್ದಕ್ಕೂ ಇದೇ ಬರೆದಿದ್ದೀರಲ್ಲ?" ಅಂದರು. ನಮ್ಮ ಸಾಹೇಬರು ಕವರನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ತುರುಕಿದರು. ಗೆರೆ ಮುರಿಯಿತು. ಅವರು ಅದನ್ನು ಗಮನಿಸಲೂ ಇಲ್ಲ.

ಆದೇಶವಾಯಿತು. ಕರೆ ಮಾಡಿದವರ ನಂಬರು, ಮನೆ, ಊರು ಯಾರಿಗೂ ಕೊಡುವಂತಿಲ್ಲ. ಯಾವ ತಾಲ್ಲೂಕಿನಿಂದ ಯಾವ ಬಗೆಯ ಕರೆ ಬಂತು, ಗಾಡಿಯವರು ಏನು ಮಾಡಿದರು ಎಂಬುದನ್ನು ಯಾರು ಕೇಳಿದರೂ ಕೊಡಬೇಕು. ಹೆಂಗಸರ ಕರೆಗೆ ಹೋದಾಗ ಆ ಹೆಂಗಸನ್ನೇ ಬೇರೆಯಾಗಿ ಮಾತಾಡಿಸಬೇಕು, ಜೊತೆಗೆ ಮಹಿಳಾ ಸಿಬ್ಬಂದಿ ಇರಬೇಕು. ಮನೆಯ ಗಂಡಸಿನ ಮಾತಿನ ಮೇಲೆ ಕರೆಯನ್ನು ಸುಳ್ಳು ಎಂದು ಮುಗಿಸುವಂತಿಲ್ಲ. ಫಕೀರಪ್ಪ ತನ್ನ ವಾಕ್ಯವನ್ನು ಮೊಬೈಲಿನಿಂದ ಅಳಿಸುವಾಗ ಹಳೆಯ ಗೆಳೆಯನನ್ನು ಕಳಕೊಂಡವನ ಹಾಗಿದ್ದ. ಪರದೆಯಲ್ಲಿ ಕೆಂಪು ಜಾಸ್ತಿಯಾಯಿತು. ಸಾಹೇಬರು ಊಟ ಮಾಡುವುದನ್ನು ನಿಲ್ಲಿಸಲಿಲ್ಲ.

ಹೊರಗೆ ಬಂದು ನಾನು ಮಾಸ್ತರರಿಗೆ ಕೈ ಮುಗಿದೆ. ಅಷ್ಟು ವರ್ಷ ಅವರನ್ನು ಬಯ್ದದ್ದೆಲ್ಲ ನೆನಪಾಯಿತು. ಹೊಸಬರು ಇದನ್ನೊಂದು ನೆನಪಿಡಿ. ನಮ್ಮ ಕೋಣೆಯ ಕಿಟಕಿ ತೆರೆದರೆ ಧೂಳು ಬರುತ್ತದೆ ಎಂದು ನಾವೇ ಮುಚ್ಚಿಕೊಂಡು ಕೂತಿರುತ್ತೇವೆ. ಹೊರಗಿನವನೊಬ್ಬ ಇಣುಕಿದಾಗಲೇ ಒಳಗೆ ಎಷ್ಟು ಧೂಳಿದೆ ಎಂದು ಕಾಣುವುದು. ಮಾಸ್ತರರಿಗೆ ಇಂಥ ಮಾತೆಲ್ಲ ಬೇಕಿರಲಿಲ್ಲ. "ಆ ಬಿಸ್ಕೀಟ ಯಾವ ಖರ್ಚಿನಾಗ ತಂದಿದ್ರಿ?" ಎಂದು ಕೇಳಿದರು. ಮರುವಾರ ಅದರ ಬಗ್ಗೆ ಅರ್ಜಿಯೂ ಬಂತು. ನಾನೇ ಖುಷಿಯಿಂದ ಉತ್ತರ ಬರೆದೆ.

ನಿವೃತ್ತಿಯಾದ ಮೇಲೆ ಒಂದು ಸಂತೆಯ ದಿನ ಸವಣೂರಿಗೆ ಹೋದೆ. ಡ್ಯೂಟಿಯಲ್ಲಿ ಮೈಕಿಗೆ ಸದ್ದು ಕೇಳುತ್ತದೆ ಎಂದು ನಾನು ಗಾಜಿನ ಬಳೆ ಹಾಕುತ್ತಿರಲಿಲ್ಲ. ಈಗಲಾದರೂ ಕೈ ತುಂಬ ಹಾಕಿಕೊಳ್ಳೋಣ ಎಂಬ ಆಸೆ. ಮಾಬೂಬಿ ಗಂಟು ಬಿಚ್ಚಿ ಕೂತಿದ್ದಳು. ನನ್ನ ಕೈ ಎಳೆದುಕೊಂಡು, ಬಳೆ ಇಡುವ ಮೊದಲು ಮಣಿಕಟ್ಟನ್ನು ತಿರುಗಿಸಿ ಒಳಭಾಗ ನೋಡಿದಳು. ಇನ್ನೊಂದು ಕೈಯನ್ನೂ ಹಾಗೆಯೇ ನೋಡಿದಳು.

ನನಗೆ ನಗು ಬಂತು. "ನನ್ನ ಕೈಯಾಗ ಏನ್ ಹುಡಕತಿ ಮಾಬೂಬಿ? ನಮ್ಮನಿಯವರು ಕಂಡಕ್ಟರ್ ಇದ್ದಾರು. ಟಿಕೀಟು ಹರಿಯೂದು ಬಿಟ್ರ ಬ್ಯಾರೆ ಏನೂ ಹರದಾರಲ್ಲ. ಅಲ್ಲದ ನಾ ಪೊಲೀಸಾಕಿ."

ಅವಳು ನಗಲಿಲ್ಲ. ಮೊದಲ ಬಳೆಯನ್ನು ಬೆರಳುಗಳ ಗಂಟು ದಾಟಿಸುತ್ತ, "ನಿಮ್ಮ ಪೊಲೀಸ್ ಕ್ವಾರ್ಟರ್ಸಿಗೂ ಬಳಿ ಇಡಾಕ ಬರ್ತಿದ್ನಿರಿ ಅಕ್ಕಾರ. ಅಲ್ಲೂ ಎರಡ ಮನ್ಯಾಗ ಫೋನ್ ಕೊಟ್ಟೇನಿ. ಅವರು ನಿಮಗ ಮಾಡಲಿಲ್ಲ, ತವರಿಗೆ ಮಾಡಿದ್ರು" ಅಂದಳು.

ಆ ಕ್ವಾರ್ಟರ್ಸಿನಲ್ಲಿ ನಾನು ಎಷ್ಟೋ ವರ್ಷ ಇದ್ದೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಒಬ್ಬರ ಒಗ್ಗರಣೆ ಇನ್ನೊಬ್ಬರಿಗೆ ಸೀನು ತರಿಸುವಷ್ಟು ಹತ್ತಿರ. ನಾಲ್ಕು ತಾಲ್ಲೂಕಿನ ಕೂಗನ್ನು ಕಿವಿಗೆ ಕಟ್ಟಿಕೊಂಡು ಕೂತವಳಿಗೆ ಪಕ್ಕದ ಗೋಡೆಯ ಸದ್ದು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

"ಯಾರ ಮನಿ?" ಅಂದೆ. ದನಿ ನನಗೇ ಗೊತ್ತಿಲ್ಲದೆ ಪೊಲೀಸರ ದನಿಯಾಗಿತ್ತು.

ಮಾಬೂಬಿ ಕೊನೆಯ ಬಳೆಯನ್ನು ಏರಿಸಿ, ನನ್ನ ಕೈಯನ್ನು ಮೆತ್ತಗೆ ನನ್ನ ಮಡಿಲಲ್ಲಿ ಇಟ್ಟಳು.

"ಅರ್ಜಿ ಹಾಕ್ರಿ ಅಕ್ಕಾರ. ಆಕ್ಷೇಪಣೆ ಐತಿ ಅಂತ ಹೆಬ್ಬೆಟ್ಟ ಒತ್ತಿ ಕೊಡತೇನಿ. ಕಾರಣ ಬರಸಂಗಿಲ್ಲ."